ಐದು ಜಂತೆ ಹೆಚ್ಚು

...ಐದು ಬೆರಳು ಎತ್ತಿ ತೋರಿಸಿದ್ರೆ ನನಗೇನು ಅರ್ಥ ಆಗ್ಬೇಕು, ಆರ್ವಿಡ್? ಐದು ನಿಮಿಷವಾ? ಐದು ಚಮಚ ಸಕ್ಕರೆಯಾ? ಬಾಗಿಲು ತೆಗೆದು ಒಳಗೆ ಬಂದವನು ಟೋಪಿನೂ ತೆಗೀದೆ ಹೀಗೆ ಕೈ ಎತ್ತಿ ನಿಂತ್ರೆ, ಬೀದೀಲಿ ಹೋಗೋರು ಏನಂದ್ಕೋತಾರೆ? ಮನೆ ನಕ್ಷೆ ಬರೆಯೋ ಫೀನಾ ಮುದುಕಿ ಪೆನ್ಸಿಲ್ ಬಿಟ್ಟು ಬಂದೂಕು ಹಿಡಿದಿದಾಳೆ ಅಂದ್ಕೋತಾರೆ. ಕೂತ್ಕೋ ಮಾರಾಯ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಇಡೀ ಕಣಿವೆಗೆ ಮನೆ ಕಟ್ಟಿಕೊಟ್ಟ ಬಡಗಿ ನೀನು, ನನ್ನ ಕುರ್ಚಿ ಕಾಲು ಸರಿ ಮಾಡ್ತೀನಿ ಅಂತ ಹೇಳಿ ಆರು ವರ್ಷ ಆಯ್ತು... ಹಾಂ, ಅದರಲ್ಲಿ ಕೂತ್ಕೋ.

ಕೆನ್ನೆ ಯಾಕೆ ಹಾಗಿದೆ? ಅಳಿಲು ಕಾಯಿ ಬಚ್ಚಿಟ್ಕೊಂಡ ಹಾಗೆ... ಓ. ಹಲ್ಲು. ಕೀಳಿಸ್ಕೊಂಡ್ಯಾ? ಈಗಲೇ, ಬೆಳಿಗ್ಗೆನೇ? ಹತ್ತಿ ತುರುಕಿ ಕಳಿಸಿದಾರೆ. ಎಷ್ಟು ಹೊತ್ತು ಮಾತಾಡ್ಬಾರ್ದಂತೆ? ಗಡಿಯಾರ ಯಾಕೆ ತೋರಿಸ್ತೀಯ... ಹನ್ನೆರಡರವರೆಗಾ? ಪಾಪ, ಆ ಡಾಕ್ಟರಿಗೆ ಗೊತ್ತಿಲ್ಲ. ಹತ್ತಿ ಇಲ್ದೆನೂ ನೀನು ಮೂವತ್ತೊಂದು ವರ್ಷದಿಂದ ಮಾತಾಡಿಲ್ಲ ಅಂತ ಅವರಿಗೆ ಯಾರೂ ಹೇಳಿಲ್ಲ. ಸುಮ್ನೆ ಹತ್ತಿ ದಂಡ.

ನಗಬೇಡ. ಹೊಲಿಗೆ ಬಿಟ್ಟೀತು.

ಗಾಡೀಲಿ ನಾಯಿ ಇದೆಯಾ? ಕಿಟಕಿ ಸ್ವಲ್ಪ ಇಳಿಸಿದೀಯ ತಾನೇ. ಸರಿ. ಕಾಲು ನೋಡ್ಕೊಂಡು ಇಡು, ಎಲ್ಲ ಕಡೆ ಡಬ್ಬ ಕಟ್ಟಿಟ್ಟಿದೀನಿ. ಮೂವತ್ತನೇ ತಾರೀಕು ಬೀಗದ ಕೈ ಕೊಟ್ಟುಬಿಡಬೇಕು. ಕೆಳಗಿನ ಈ ಆಫೀಸು, ಮೇಲೆ ನಾನು ಮಲಗೋ ಕೋಣೆ, ಎರಡೂ. ಕಟ್ಟಡ ಕೊಂಡವರು ಇಲ್ಲಿ ಯೋಗ ಹೇಳ್ಕೊಡ್ತಾರಂತೆ. ನಾನು ನೆಟ್ಟಗೆ ನಿಂತು ಕೆಲಸ ಮಾಡಿದ ಜಾಗದಲ್ಲಿ ಜನ ದುಡ್ಡು ಕೊಟ್ಟು ತಲೆ ಕೆಳಗೆ ಮಾಡಿ ನಿಲ್ತಾರೆ.

ಏನದು, ಜೇಬಿಂದ ಏನು ತೆಗೀತಿದೀಯ... ಮರದಂಗಡಿ ಪಟ್ಟಿ. ನಾನು ನಿನ್ನೆ ಕಳಿಸಿದ್ದು. ಇದರ ಮೇಲೆ ನಾಯಿ ಮಲಗಿತ್ತಾ? ಕೊಡಿಲ್ಲಿ. ಕನ್ನಡಕ... ಹಾಂ. 'ನೆಲದ ಜಂತೆ, ಡಗ್ಲಸ್ ಫರ್, ಹನ್ನೆರಡಡಿ ಉದ್ದ, ಅರವತ್ತೊಂದು.' ಅದಕ್ಕೆ ಸುತ್ತ ಗುಂಡಗೆ ಬರೆದು, ಪಕ್ಕದಲ್ಲಿ ನಿನ್ನ ದಪ್ಪ ಪೆನ್ಸಿಲಲ್ಲಿ ಐವತ್ತಾರು.

ಓ. ಐದು ಬೆರಳು. ಐದು ಜಂತೆ ಹೆಚ್ಚು.

ದೊಡ್ಡ ವಿಷಯ ಕಣೋ. ಹಲ್ಲು ಕೀಳೋರ ಮುಂದೆ ಬಾಯಿ ತೆರ್ಕೊಂಡು ಕೂತು ಜಂತೆ ಲೆಕ್ಕ ಹಾಕ್ತಿದ್ಯಾ? ಬೇರೆಯವರು ದೇವರ ಹೆಸರು ಹೇಳ್ಕೋತಾರೆ. ಇವನು, ಮೂವತ್ತಾರಡಿ ಉದ್ದದ ಮನೆ, ಇಪ್ಪತ್ತನಾಲ್ಕಡಿ ಅಗಲ, ಮಧ್ಯೆ ಒಂದು ತೊಲೆ, ನೆಲದ ಹಲಗೆ ಹೊರೋಕೆ ಹದಿನಾರು ಇಂಚಿಗೊಂದು ಜಂತೆ, ತೊಲೆಯಿಂದ ಆ ಕಡೆ ಇಪ್ಪತ್ತೆಂಟು, ಈ ಕಡೆ ಇಪ್ಪತ್ತೆಂಟು...

ಗೊತ್ತು. ಹನ್ನೆರಡರೊಳಗೆ ಮರದಂಗಡಿಯವರಿಗೆ ಫೋನ್ ಮಾಡಬೇಕು, ಇಲ್ದಿದ್ರೆ ಲಾರಿ ಮುಂದಿನ ವಾರಕ್ಕೆ ಹೋಗುತ್ತೆ. ಲಾರ್ಚ್ ಮರಗಳು ಹಳದಿ ತಿರುಗೋದ್ರೊಳಗೆ ನೆಲ ಕೂರಬೇಕು, ಹಿಮ ಬೀಳೋದ್ರೊಳಗೆ ಚಾವಣಿ. ಎಲ್ಲ ಗೊತ್ತು. ಅದಕ್ಕೇ ಹೇಳ್ತಿದೀನಿ, ಇಲ್ಲಿ ಕೆಳಗಡೆ ಒಂದು ಸಹಿ ಹಾಕು. ಐದು ಜಂತೆಗೆ ಯಾರಾದ್ರೂ ತಲೆ ಕೆಡಿಸ್ಕೋತಾರಾ? ಮರ ಅಂದ್ಮೇಲೆ ಒಂದೆರಡು ಸೀಳಿರುತ್ತೆ, ಒಂದೆರಡು ಗಂಟಿರುತ್ತೆ. ಇರಲಿ ಅಂತ ಹಾಕಿದೀನಿ.

...ಪೆನ್ಸಿಲ್ ಕೆಳಗಿಟ್ಟೆ. ಸಹಿ ಹಾಕಲ್ಲ. ಆಯ್ತಪ್ಪ.

ಸರಿ, ತೋರಿಸ್ತೀನಿ. ಕುರ್ಚಿ ಈ ಕಡೆ ಎಳ್ಕೋ. ಇಲ್ನೋಡು, ನಿನ್ನ ಮನೆ. ಪರದೆ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತೆ. ಇದನ್ನ ನೀನು ಜೂನ್ ತಿಂಗಳಲ್ಲಿ ನನಗೆ ತಂದು ಕೊಟ್ಟಾಗ ಹೇಗಿತ್ತು ನೆನಪಿದೆಯಾ? ತಡಿ, ಎಸೆದಿಲ್ಲ, ಇಲ್ಲೇ ಇದೆ... ನೋಡು. ಹಲಗೆ ತುಂಡು. ಲೋಕದಲ್ಲಿ ಎಲ್ಲರೂ ಕಾಗದದ ಮೇಲೆ ಬರೀತಾರೆ. ನೀನು ಕೊಯ್ದುಳಿದ ಹಲಗೆ ಮೇಲೆ ಬರೀತೀಯ. ಒಂದು ಚೌಕ. ಅದರಲ್ಲಿ ಒಂದು ಮಂಚ, ಒಂದು ಒಲೆ, ಒಂದು ಕುರ್ಚಿ. ಆ ಕುರ್ಚಿಗೆ ಪಾಪ ನಾಲ್ಕು ಕಾಲೂ ಬರೆದಿದೀಯ. ಇನ್ನೊಂದು ಕುರ್ಚಿ ಬರೆಯೋಕೆ ಹಲಗೇಲಿ ಬೇಕಾದಷ್ಟು ಜಾಗ ಇತ್ತು. ಬರೀಲಿಲ್ಲ. ನನ್ನ ಮೇಜಿನ ಮೇಲಿಟ್ಟು, 'ಒಬ್ಬನಿಗೆ' ಅಂದೆ. ಈ ವರ್ಷದ ನಿನ್ನ ಮಾತೆಲ್ಲ ಅಲ್ಲಿಗೆ ಮುಗೀತು.

ಹಿಂದುಗಡೆ ಇದೊಂದು ಚಿಕ್ಕ ಚೌಕ. ಅದರೊಳಗೆ ಪ್ರಶ್ನೆ ಚಿಹ್ನೆ. ಇದೇನು ಅಂತ ನಾನು ಕೇಳಿದ್ದಕ್ಕೆ ನೀನು ಭುಜ ಹಾರಿಸಿದೆ. ನೆನಪಿದೆ ತಾನೇ? ಆಮೇಲೆ ಅದನ್ನ ಏನು ಮಾಡಬೇಕು ಅಂತ ನನಗೇ ಬಿಟ್ಟಿದ್ದು ನೀನು. ಅದಷ್ಟು ನೆನಪಿಟ್ಕೋ.

ಈಗ ಪರದೆ ನೋಡು. ಸಾಮಾನು ಗೀಮಾನು ಎಲ್ಲ ಆರಿಸಿಟ್ಟಿದೀನಿ, ಬರೀ ಗೋಡೆ ಮತ್ತೆ ಮರ ಕಾಣಲಿ ಅಂತ. ಸಾಫ್ಟ್‌ವೇರಲ್ಲಿ ಇದು ಪದರ ಪದರವಾಗಿರುತ್ತೆ, ಒಂದೊಂದು ಪದರಕ್ಕೂ ಒಂದೊಂದು ದೀಪ ಇದ್ದ ಹಾಗೆ. ಮಂಚ ಬೇಡ್ವಾ, ಆರಿಸು. ಗೋಡೆ ಬೇಡ್ವಾ, ಆರಿಸು. ಬದುಕಲ್ಲೂ ಹಾಗಿದ್ದಿದ್ರೆ ನಾನು ಮೊದಲು ಆರಿಸ್ತಿದ್ದದ್ದು ಆ ಯೋಗದವರನ್ನ.

ಹೂಂ, ಜಂತೆಗಳು. ನೋಡು ಎಷ್ಟು ಮುದ್ದಾಗಿ ಸಾಲಾಗಿ ಕೂತಿವೆ. ಒಂದಕ್ಕೂ ಗೂನಿಲ್ಲ. ಇಲ್ಲಿ ಮರಕ್ಕೆ ಗಂಟೂ ಇಲ್ಲ, ಬಾಗೂ ಇಲ್ಲ, ಒದ್ದೆನೂ ಇಲ್ಲ. ನಿನಗೆ ಇದು ಹಿಡಿಸಲ್ಲ, ನನಗೊತ್ತು. ಒಂದೊಂದು ಜಂತೆನೂ ಎತ್ತಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ದಿಟ್ಟಿಸಿ ನೋಡದೆ ಇದ್ರೆ ನಿನಗೆ ಊಟ ಸೇರಲ್ಲ. ಹೆಣ್ಣು ನೋಡೋಕೆ ಹೋದವನು ಹಾಗೆ ನೋಡಿರಲ್ಲ. ಗೂನು ಯಾವ ಕಡೆಗಿದೆ ನೋಡಿ, ಆ ಅಂಚಿಗೆ ಪೆನ್ಸಿಲಲ್ಲಿ ಬಾಣ ಹಾಕಿ, ಗೂನು ಮೇಲೆ ಮಾಡಿ ಇಡೋದು. 'ಭಾರ ಬಿದ್ದ ಮೇಲೆ ಸಮ ಆಗುತ್ತೆ.' ಇದನ್ನ ನೀನು ನನಗೆ ಹೇಳಿದ್ದು ಎಂಬತ್ತೊಂಬತ್ತನೇ ಇಸವೀಲಿ. ನೀನು ಆಡಿದ ಮಾತು ಲೆಕ್ಕ ಇಡೋದು ಏನೂ ಕಷ್ಟ ಇಲ್ಲ.

ಈ ಪೈ ನಿನಗೇ ಮಾಡಿದ್ದು. ಗುರುವಾರ ಅಲ್ವಾ ಇವತ್ತು. ಹಕಲ್‌ಬೆರಿ ಹಣ್ಣಿಂದು. ಆ ಗುಡ್ಡ ಹತ್ತಿ, ಕರಡಿ ಬರುತ್ತೇನೋ ಅಂತ ಹಾಡು ಹೇಳ್ಕೊಂಡು ಕಿತ್ತು ತಂದಿದ್ದೆ. ನೀನು ತಿನ್ನೋ ಹಾಗಿಲ್ಲ. ನಾನು ನಿನ್ನೆದುರೇ ತಿಂತೀನಿ, ಏನೂ ಅಂದ್ಕೋಬೇಡ. ನೋಡು, ಮೇಲಿಂದ ನೋಡಿದ್ರೆ ಬರೀ ಹಿಟ್ಟಿನ ಮುಚ್ಚಳ. ಒಳಗೇನಿದೆ ಗೊತ್ತಾಗಲ್ಲ. ಚಾಕು ಇಟ್ಟು ಹೀಗೆ ಕೊಯ್ದು, ಒಂದು ಹೋಳು ತೆಗೆದು, ಪಕ್ಕದಿಂದ ನೋಡಿದ್ರೆ... ಹಾಂ, ಇದೇ ಸೀಳುನೋಟ. ಮನೇನೂ ಅಷ್ಟೇ. ನಕ್ಷೆ ಮೇಲೆ ಒಂದು ಗೀಟು ಎಳೆದ್ರೆ ಸಾಫ್ಟ್‌ವೇರ್ ಅಲ್ಲಿಗೆ ಮನೇನ ಕೊಯ್ದು ತೋರಿಸುತ್ತೆ. ಗೀಟು ಎಲ್ಲಿ ಬೀಳುತ್ತೋ ಅಲ್ಲಿಂದಷ್ಟೇ. ಒಂದಡಿ ಆ ಕಡೆ ಈ ಕಡೆ ಏನಿದೆ ಅಂತ ಅದು ಬಾಯಿ ಬಿಡಲ್ಲ. ಒಂಥರಾ ನಿನ್ನ ಹಾಗೆ.

ಮೂರು ಸೀಳು ಮಾಡಿಟ್ಟಿದೀನಿ. ಮೊದಲನೇದು ಅಡುಗೆಮನೆ. ನೋಡು, ಕೆಳಗಡೆ ಪುಟ್ಟ ಪುಟ್ಟ ಚೌಕ, ಒಳಗೆ ಅಡ್ಡಗೀಟು, ಅವೇ ಜಂತೆ ತಲೆಗಳು. ಎಣಿಸ್ಕೋ. ಹದಿನಾರು ಇಂಚಿಗೊಂದು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಸಮಾಧಾನ ಆಯ್ತಾ?

ಅದಲ್ಲ, ಜಂತೆ ನೋಡು ಅಂದ್ರೆ ಮೇಲೆ ಯಾಕೆ ನೋಡ್ತಿದೀಯ... ಅಡುಗೆ ಕಟ್ಟೆ. ಹೌದು, ಮೂವತ್ತಮೂರು ಇಂಚು. ಹೌದು, ಎಲ್ಲರ ಮನೇಲೂ ಮೂವತ್ತಾರು. ನೀನು ಆರಡಿ ಎರಡು ಇಂಚು ಇದೀಯ, ಅದೂ ಗೊತ್ತು, ನನ್ನ ಬಾಗಿಲ ಚೌಕಟ್ಟಿಗೆ ನಿನ್ನ ಹಣೆ ಎಷ್ಟು ಸಲ ಬಡಿದಿದೆ ಅಂತ ಎಣಿಸಿದೀನಿ. ವಯಸ್ಸಾಗ್ತಾ ಮನುಷ್ಯ ಕುಗ್ತಾನೆ ಕಣೋ. ಇನ್ನು ಹತ್ತು ವರ್ಷಕ್ಕೆ ನೀನು ಎಷ್ಟಿರ್ತೀಯೋ. ಮುಂದಾಲೋಚನೆ. ಒಳ್ಳೆ ನಕ್ಷೆ ಬರೆಯೋರು ಮುಂದಿನದನ್ನೂ ಯೋಚಿಸ್ತಾರೆ.

ಹಾಗೆ ನೋಡಬೇಡ ನನ್ನನ್ನ.

ಎರಡನೇದು, ಮಲಗೋ ಕೋಣೆ. ಎಲ್ಲ ಸರಿ. ಮುಂದೆ. ಮೂರನೇದು, ಬಾಗಿಲು ದಾಟಿದ ಕೂಡಲೇ ಬೂಟು ಬಿಚ್ಚೋ ಜಾಗ. ಜಂತೆ ಸರಿ ಇದೆ. ಗೋಡೆ ಮೇಲೆ ಕೋಟು ನೇತು ಹಾಕೋಕೆ ಗೂಟ. ಒಂದು ಮೇಲೆ, ಒಂದು... ಕೆಳಗೆ. ಕೆಳಗಿನದು ನಾಯಿ ಪಟ್ಟಿಗೆ. ಮತ್ತೇನು, ನಾಯಿ ಪಟ್ಟಿ ನೆಲದ ಮೇಲೆ ಬಿಸಾಡ್ತೀಯಾ? ನಾಯಿ ಪಟ್ಟಿಗೆ ಅಷ್ಟು ಎತ್ತರ ಯಾಕೆ ಅಂತ ಕೇಳಬೇಡ. ಎತ್ತರದ ನಾಯಿ ಸಾಕು.

ಮುಗೀತು. ಮೂರು ಕಡೆ ಕೊಯ್ದು ತೋರಿಸಿದೆ. ಈಗ ಸಹಿ.

...ಬೆರಳು ತೆಗಿ. ಪರದೆ ಮೇಲೆ ಬೆರಳಿಟ್ರೆ ಕಲೆ ಆಗುತ್ತೆ. ಹಿಂದಿನ ಕೋಣೇನಾ? ಅಲ್ಲೇನಿದೆ ನೋಡೋಕೆ? ಹನ್ನೆರಡಡಿಗೆ ಹನ್ನೆರಡಡಿ, ನಾಲ್ಕು ಗೋಡೆ, ಒಂದು ಕಿಟಕಿ, ಒಂದು ಬಾಗಿಲು. ಹಲಗೇಲಿ ನಿನಗೇ ಏನು ಅಂತ ಗೊತ್ತಿಲ್ಲದ ಕೋಣೆ. ಅಲ್ಲಿ ಜಾಮ್ ಬಾಟಲಿ ಇಡು.

ಹೌದು, ಜಾಮ್ ಬಾಟಲಿಗೇ. ತುಂಬಿದ ಬಾಟಲಿ ಭಾರ ಇರುತ್ತೆ.

ಸರಿ, ಜಾಮ್ ಬೇಡ. ಮಾಂಸ ಇಡೋ ದೊಡ್ಡ ಫ್ರೀಜರು ಅಂದ್ಕೋ. ಕಡವೆ ಹೊಡೆದು ತಂದ್ರೆ ಎಲ್ಲಿಡ್ತೀಯ? ಏನು, ಕಡವೆ ಹೊಡೆದು ಎಷ್ಟು ವರ್ಷ ಆಯ್ತು ಅಂತ ನೀನೇ ಬೆರಳಲ್ಲಿ ತೋರಿಸ್ತಿದೀಯಾ? ಮೂರು. ಹೋದ ಸಲ ನೀನು ಬೇಟೆಗೆ ಹೋಗಿ ತಂದದ್ದು ನೆಗಡಿ. ನಾನೇ ಸೂಪ್ ಮಾಡಿ ಕೊಟ್ಟೆ. ಆದ್ರೂ ಈ ವರ್ಷ ಸಿಗಬಹುದು. ಆಸೆ ಇಟ್ಕೊಳ್ಳೋದರಲ್ಲಿ ತಪ್ಪೇನು?

ಆಯ್ತು ಮಾರಾಯ, ಹೇಳ್ತೀನಿ. ಆ ಒಂದು ಕೋಣೆ ಕೆಳಗೆ ಜಂತೆಗಳನ್ನ ಹತ್ತಿರ ಹತ್ತಿರ ಮಾಡಿದೀನಿ. ಹದಿನಾರರ ಬದಲು ಹನ್ನೆರಡು ಇಂಚಿಗೊಂದು. ಅದಕ್ಕೆ ಮೂರು ಹೆಚ್ಚು. ಮೂಲೇಲಿ ಎರಡು ಕಡೆ ಜೋಡಿ ಹಾಕಿದೀನಿ, ಅದಕ್ಕೆ ಎರಡು. ಮೂರು ಎರಡು ಐದು. ನಿನ್ನ ಎಣಿಕೆ ಸರಿ, ನನ್ನ ಎಣಿಕೆನೂ ಸರಿ. ಗಟ್ಟಿ ಇರಲಿ ಅಂತ. ಗಟ್ಟಿ ಇದ್ರೆ ಯಾರಿಗೇನು ನಷ್ಟ? ಯಾಕೆ ಗಟ್ಟಿ ಅಂದ್ರೆ... ಗಟ್ಟಿ ಇರಲಿ ಅಂತ.

ಗಡಿಯಾರ ನೋಡಬೇಡ, ಇನ್ನೂ ಹನ್ನೊಂದೂ ಕಾಲು.

ಅಲ್ಲಿ ಯಾಕೆ ನೋಡ್ತಿದೀಯ, ಮೂಲೆಗೆ? ಅದು ನನ್ನ ನಕ್ಷೆ ಪೆಟ್ಟಿಗೆ, ಹೊಸದೇನಲ್ಲ. ದೂಳು ಕೂರಬಾರದು ಅಂತ ಹಳೆ ಹೊದಿಕೆ ಹೊದಿಸಿದೀನಿ. ಗುಜರಿಯವನಿಗೆ ಹೇಳಬೇಕು. ಡಬ್ಬ ಆದ್ರೆ ತಂಗಿ ಮಗಳ ಊರಿಗೆ ವಿಮಾನದಲ್ಲಿ ಹೋಗುತ್ತೆ, ಅದು ಹೋಗಲ್ಲ. ಹದಿನೈದು ಡ್ರಾಯರು, ತುಂಬ ಕಾಗದ. ಕಂಪ್ಯೂಟರ್ ಬರೋ ಮೊದಲು ಕೈಯಲ್ಲಿ ಬರೆದ ಮನೆಗಳೆಲ್ಲ ಅದರಲ್ಲೇ. ನೀನು ಕಟ್ಟಿದ್ದು ನೂರ ನಾಲ್ಕಿದೆ. ಮರ್ನಾಗೆ ಅಂತ ನೀನು ಕಟ್ಟಿ, ನೀವಿಬ್ಬರೂ ಸಂಸಾರ ಮಾಡಿದ ಮನೆ ಮೂರನೇ ಡ್ರಾಯರಲ್ಲಿದೆ, ಅದರ ಹಿಡಿ ಕಿತ್ತುಹೋಗಿದೆಯಲ್ಲ, ಹಗ್ಗ ಕಟ್ಟಿದ್ದು, ಅದರಲ್ಲಿ. ಅವಳು ತೀರಿಕೊಳ್ಳೋ ಹಿಂದಿನ ವರ್ಷ ಬಂದು ತೆಗೆಸಿ ನೋಡಿದ್ಲು. 'ಫೀನಾ, ಮೆಟ್ಟಿಲು ಕೆಳಗೆ ನೀನು ಬರೆದ ಕಪಾಟು ಇವನು ಇನ್ನೂ ಮಾಡಿಲ್ಲ ನೋಡು' ಅಂದ್ಲು. ಇಬ್ಬರೂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ವಿ.

ಆ ಪೆಟ್ಟಿಗೆ ಕೆಳಗೆ ಈ ಹಳೆ ಕಟ್ಟಡದ ನೆಲ ಒಂದು ಇಂಚು ತಗ್ಗಿದೆ. ಮೇಜಿಂದ ಪೆನ್ಸಿಲ್ ಬಿದ್ರೆ ನೇರ ಅಲ್ಲಿಗೇ ಉರುಳ್ಕೊಂಡು ಹೋಗುತ್ತೆ...

ಏನಿಲ್ಲ. ಸುಮ್ನೆ ಹೇಳಿದೆ. ನೆಲದ ಮಾತು ಬಂತಲ್ಲ, ಹೇಳಿದೆ.

ಡಾರ್ಲೀನ್ ನಿನ್ನೆ ಮತ್ತೆ ಫೋನ್ ಮಾಡಿದ್ಲು. ಹೇಳಿದ್ನಲ್ಲ, ನನ್ನ ತಂಗಿ ಮಗಳು, ನ್ಯೂಫೌಂಡ್‌ಲ್ಯಾಂಡಲ್ಲಿ. ಬಾ ಬಾ ಅಂತಿದಾಳೆ. ಕೆಳಗಿನ ಕೋಣೆ ಖಾಲಿ ಮಾಡಿಸಿದಾಳಂತೆ. ಕಿಟಕಿ ತೆಗೆದ್ರೆ ಸಮುದ್ರ. ನಾನು ಹುಟ್ಟಿದ ಸಮುದ್ರ, ಅದೇ ಮಂಜು, ಅದೇ ಉಪ್ಪು ಮೀನು. ಇಪ್ಪತ್ತೊಂದನೇ ವಯಸ್ಸಲ್ಲಿ ನೌಕಾಪಡೆಯ ಹುಡುಗನ ಕೈ ಹಿಡಿದು ಮೊಂಟಾನಾಕ್ಕೆ ಬಂದವಳು. ಅವನು ಸತ್ತೇ ಇಪ್ಪತ್ತೆಂಟು ವರ್ಷ ಆಯ್ತು. ಹೋದ ಸಲ ಊರಿಗೆ ಹೋಗಿದ್ದಾಗ ಗೋರಿಕಲ್ಲುಗಳ ಮೇಲಿನ ಹೆಸರೆಲ್ಲ ಪರಿಚಯ, ಅಂಗಡೀಲಿ ನಿಂತವರು ಒಬ್ಬರೂ ಪರಿಚಯ ಇಲ್ಲ. 'ಪ್ರವಾಸಕ್ಕೆ ಬಂದಿದೀರಾ ಅಮ್ಮಾ' ಅಂತ ಕೇಳಿದ ಒಬ್ಬ. ಹೌದಪ್ಪ ಅಂದೆ.

ಟಿಕೆಟಾ? ತಗೋತೀನಿ. ಅದೇನು ಮಹಾ, ಒಂದು ಗುಂಡಿ ಒತ್ತಿದ್ರೆ ಆಯ್ತು. ಇನ್ನೂ ಹದಿನೈದು ದಿನ ಇದೆ. ಪಟ್ಟಿ ಮಾತಾಡ್ತಿದ್ವಿ, ಟಿಕೆಟ್ ಯಾಕೆ ಬಂತು ಮಧ್ಯೆ?

ಮತ್ತೆ ಅಲ್ಲೇ ಬೆರಳು. ನೀನು ಹಟಮಾರಿ ಅಂತ ಮರ್ನಾ ಹೇಳ್ತಿದ್ದದ್ದು ಸುಳ್ಳಲ್ಲ. ಆ ಕೋಣೇನ ಕೊಯ್ದು ತೋರಿಸಬೇಕಾ? ಅಲ್ಲಿ ಸೀಳು ಮಾಡಿಟ್ಟಿಲ್ಲ. ಹೊಸದಾಗಿ ಮಾಡಬೇಕು, ಅದಕ್ಕೆ ಹೊತ್ತು ಹಿಡಿಯುತ್ತೆ, ಗಂಟೆಗಟ್ಟಲೆ...

ಸುಳ್ಳು ಅಂತ ಮುಖದಲ್ಲೇ ಹೇಳ್ತೀಯ. ಸರಿ, ಸುಳ್ಳೇ. ಒಂದು ಗೀಟು ಎಳೆದ್ರೆ ಮುಗೀತು. ಆದ್ರೆ ನಾನು ಎಳೆಯಲ್ಲ. ನನ್ನ ಬಾಯಲ್ಲಿ ಪೈ ಇದೆ, ಕೈಯಲ್ಲಿ ತಟ್ಟೆ ಇದೆ. ಬೇಕಾದ್ರೆ ನೀನೇ ಎಳ್ಕೋ. ತಗೋ ಮೌಸ್. ಹೆದರಿಕೆನಾ? ಸರಪಳಿ ಗರಗಸ ಹಿಡಿಯೋ ಕೈ ಇದನ್ನ ಮುಟ್ಟೋಕೆ ನಡುಗುತ್ತಾ? ಅದೇನು ಕಚ್ಚಲ್ಲ... ಅಯ್ಯೋ, ಮೊಟ್ಟೆ ಹಿಡಿದ ಹಾಗೆ ಯಾಕೆ ಹಿಡಿದಿದೀಯ. ಒತ್ತಿ ಹಿಡಿ, ಎಳಿ, ಬಿಡು. ಬಾಣ ಯಾವ ಕಡೆ ತಿರುಗಿದೆಯೋ ಆ ಕಡೆ ನೋಡುತ್ತೆ. ಈ ಜನ್ಮದಲ್ಲಿ ನಿನ್ನ ಕೈಲಿ ಒಂದು ಗೀಟು ನೆಟ್ಟಗೆ ಬಂದ್ರೆ... ಅಡುಗೆಮನೆ ಮೇಲೆ ಎಳಿ. ಬಾಗಿಲ ಕಡೆ ಎಳಿ. ಆ ಕಡೆ ಅಲ್ಲ. ಆರ್ವಿಡ್, ಆ ಕಡೆ ಅಲ್ಲ, ಅದು...

ಎಳೆದುಬಿಟ್ಟೆ.

ಬಂತು.

...ಜಂತೆ ನೋಡು. ಕೆಳಗೆ, ಕೆಳಗೆ ನೋಡು, ಹನ್ನೆರಡು ಇಂಚಿಗೊಂದು, ಹೇಳಿದ್ನಲ್ಲ. ಮೂಲೇಲಿ ಜೋಡಿ. ನೋಡಿ ಆಯ್ತಾ, ಮುಚ್ಚು. ಮೇಲೆ ಕಾಣ್ತಿರೋದು... ಅದು ಸಾಫ್ಟ್‌ವೇರ್ ತಾನಾಗೇ ತಂದು ಇಡುತ್ತೆ. ಖಾಲಿ ಕೋಣೆ ಸಿಕ್ಕಿದ್ರೆ ಏನಾದ್ರೂ ಇಡುತ್ತೆ. ಒಂದ್ಸಲ ಒಂದು ಮನೇಲಿ ಪಿಯಾನೋ ಇಟ್ಟಿತ್ತು. ನಿಜವಾಗಿ.

ಎಣಿಸಬೇಡ.

ಹದಿನೈದು ಡ್ರಾಯರು. ಎಲ್ಲ ನಕ್ಷೆ ಪೆಟ್ಟಿಗೆಗೂ ಹದಿನೈದೇ ಇರುತ್ತೆ, ಹೆಚ್ಚುಕಮ್ಮಿ.

...ಹೌದು. ಮೂರನೇದಕ್ಕೆ ಹಿಡಿ ಇಲ್ಲ. ಹಗ್ಗ.

ನೀನು ಆ ಮೂಲೆ ನೋಡೋದು, ಪರದೆ ನೋಡೋದು, ಮೂಲೆ ನೋಡೋದು... ನಿಲ್ಲಿಸು. ಅದೇ ಪೆಟ್ಟಿಗೆ. ಅದರ ಪಕ್ಕ ಇರೋದು ಈಗ ನಾನು ಕೂತಿರೋ ಎತ್ತರದ ಸ್ಟೂಲು. ಕಿಟಕಿ ಅಷ್ಟು ತಗ್ಗಲ್ಲಿ ಯಾಕೆ ಅಂದ್ರೆ ಆ ಸ್ಟೂಲಿಂದ ಇಳಿದು ಮೆತ್ತನೆ ಕುರ್ಚೀಲಿ ಕೂತಾಗಲೂ ನಿನ್ನ ಗುಡ್ಡ ಕಾಣಬೇಕು ಅಂತ.

ಇಪ್ಪತ್ತು ವರ್ಷದಿಂದ ಈ ಊರಲ್ಲಿ ಕಲಿಯೋಕೆ ಬಂದವರಿಗೆಲ್ಲ ನಾನೇ ಹೇಳ್ತಾ ಬಂದ ಪಾಠ. ನಕ್ಷೇಲಿ ಪದರ ಆರಿಸಿದ್ರೆ ಸಾಲದು, ಹೊಸದಾಗಿ ಎಳೆದ ಸೀಳಲ್ಲಿ ಎಲ್ಲ ಪದರಾನೂ ಉರೀತಿರುತ್ತೆ, ಅಲ್ಲಿ ಬೇರೆಯಾಗಿ ಆರಿಸಬೇಕು, ಮರೀಬೇಡಿ, ಮರೀಬೇಡಿ. ಮೂರು ಸೀಳಲ್ಲಿ ಆರಿಸಿಟ್ಟೆ. ನಾಲ್ಕನೇದನ್ನ ನೀನು ಎಳೀತೀಯ ಅಂತ ಯಾರಿಗೆ ಗೊತ್ತಿತ್ತು? ಮೌಸ್ ಹಿಡಿಯೋಕೆ ಬಾರದವನು.

ಏನಾದ್ರೂ... ತಲೆಯನ್ನಾದ್ರೂ ಆಡಿಸು.

ಹೇಳಿಬಿಡ್ತೀನಿ, ನೀನು ಹೇಗೂ ಬಾಯಿ ಬಿಡಲ್ಲ. ಮೊದಲು ತಮಾಷೆಗೆ ಇಟ್ಟೆ. ಜುಲೈನಲ್ಲಿ. ಆ ಪ್ರಶ್ನೆ ಚಿಹ್ನೆ ಇತ್ತಲ್ಲ, ಈ ಚೌಕಕ್ಕೆ ಏನು ಹಿಡಿಯುತ್ತೆ ನೋಡೋಣ ಅಂತ. ಹಿಡೀತು. ಎರಡು ದಿನ ಹಾಗೇ ಬಿಟ್ಟೆ. ಆಮೇಲೆ, ಇಷ್ಟು ಭಾರಕ್ಕೆ ನೆಲ ತಗ್ಗುತ್ತಲ್ಲ ಅನ್ನಿಸ್ತು, ಜಂತೆ ಹಾಕಿದೆ. ಜಂತೆ ಹಾಕಿದ ಮೇಲೆ, ಇಲ್ಲಿ ಕೂತ್ರೆ ಏನು ಕಾಣುತ್ತೆ ಅನ್ನಿಸ್ತು, ಕಿಟಕಿ ತಗ್ಗಿಸಿದೆ. ಕಿಟಕಿ ಆದ ಮೇಲೆ ಗೂಟ. ಗೂಟ ಆದ ಮೇಲೆ ಅಡುಗೆ ಕಟ್ಟೆ... ನಾನು ಐದಡಿ. ಮೂವತ್ತಾರು ಇಂಚಿನ ಕಟ್ಟೇಲಿ ಹಿಟ್ಟು ನಾದಿದ್ರೆ ಭುಜ ನೋಯುತ್ತೆ. ಹೀಗೆ ಒಂದೊಂದೇ. ಬಾಯಿ ಬಿಟ್ಟು ಕೇಳೋಣ ಅಂತ ಗುರುವಾರ ಗುರುವಾರ ಅಂದ್ಕೋತಿದ್ದೆ. ಪೈ ತಿಂದು ಟೋಪಿ ಹಾಕ್ಕೊಂಡು ಹೋಗ್ತಿದ್ದೆ ನೀನು. ನಾನು ಊರವರ ಸುದ್ದಿ ಎಲ್ಲ ಹೇಳಿ ಮುಗಿಸ್ತಿದ್ದೆ, ಅದೊಂದು ಬಿಟ್ಟು.

'ಒಬ್ಬನಿಗೆ' ಅಂದಿದ್ದೆ ನೀನು. ಒಂದು ಕುರ್ಚಿ ಬರೆದಿದ್ದೆ. ನನಗೆ ಓದೋಕೆ ಬರುತ್ತೆ.

ಮತ್ತೆ ಮರ್ನಾ... ಅವಳು ನನ್ನ ಸ್ನೇಹಿತೆ. ಅವಳ ಜಾಗ ನನಗೆ ಬೇಡ, ಅದು ನಿನಗೆ ಗೊತ್ತಿರಲಿ. ಅದಕ್ಕೇ ನೋಡು, ಹಿಂದಿನ ಕೋಣೆ. ಹಿಂದಿನ ಕೋಣೆ, ಒಂದು ಗೂಟ, ಸಂಜೆ ಹೊತ್ತು ಯಾರನ್ನಾದ್ರೂ ಗೋಳು ಹೊಯ್ಕೊಳ್ಳೋಕೆ ಒಂದು ಜೀವ. ಅಷ್ಟೇ ಬರೆದಿದ್ದು. ಬೇರೇನೂ ಬರೆದಿಲ್ಲ.

ಈಗ ಬಿಡು. ನಿನ್ನ ಮನೆ, ನಿನ್ನ ಜಂತೆ. ಈ ಪೆಟ್ಟಿಗೆ ಮೇಲೆ ಒಂದು ಸಲ ಒತ್ತಿ, ಇಲ್ಲಿ ಈ ಗುಂಡಿ ಒತ್ತಿದ್ರೆ ಅಳಿಸಿಹೋಗುತ್ತೆ. ಗುರುತೂ ಉಳಿಯಲ್ಲ. ಜಂತೇನ ಹದಿನಾರಕ್ಕೆ ತಿರುಗಿಸ್ತೀನಿ, ಕಟ್ಟೇನ ಮೂವತ್ತಾರಕ್ಕೆ ಏರಿಸ್ತೀನಿ, ಐದು ನಿಮಿಷದ ಕೆಲಸ. ಹನ್ನೆರಡರೊಳಗೆ ಐವತ್ತಾರು ಅಂತ ಫೋನ್ ಮಾಡೋಣ. ನಾಯಿಗೆ ಗೂಟ ಮಾತ್ರ ಇರಲಿ. ಪಾಪ.

...ಏನು ಮಾಡ್ತಿದೀಯ? ಹತ್ತಿ ಯಾಕೆ ತೆಗೀತೀಯ, ಇನ್ನೂ ಹನ್ನೆರಡಾಗಿಲ್ಲ, ಡಾಕ್ಟರು ಹೇಳಿದಾರೆ... ಸರಿ. ತೆಗೆದೆ. ತಗೋ, ಈ ಕಾಗದದಲ್ಲಿ ಸುತ್ತಿಡು.

ಈಗ ಬಾಯಿ ಖಾಲಿ ಇದೆ. ಹೇಳು.

...



ಎದ್ದೆ. ಹೋಗ್ತೀಯಾ. ಸರಿ... ಹೋಗು. ಟೋಪಿ ಮೇಜಿನ ಮೇಲಿದೆ. ಬಾಗಿಲು ಈ ಕಡೆ, ಆರ್ವಿಡ್. ಆ ಕಡೆ ಡಬ್ಬಗಳಿವೆ, ಎಡವ್ತೀಯ... ಅದರ ಹೊದಿಕೆ ಯಾಕೆ ತೆಗೀತಿದೀಯ?

ಅದನ್ನ ಯಾಕೆ ಅಳೀತಿದೀಯ? ನಾನು ಅಳೆದಿದೀನಿ. ಉದ್ದ ನಲವತ್ತಾರು ಇಂಚು. ಟೇಪು ಏನನ್ನುತ್ತೆ? ಹೇಳಿದ್ನಲ್ಲ, ನಲವತ್ತಾರು. ಅಗಲ ಮೂವತ್ತೆರಡೂವರೆ. ನಾನು ಬರೆದದ್ದರಲ್ಲಿ ಕೂದಲೆಳೆಯಷ್ಟು ತಪ್ಪಿಲ್ಲ, ಪರದೇಲಿ ಇರೋದೂ ಅಷ್ಟೇ... ಏನು ಹುಡುಕ್ತಿದೀಯ? ಪೆನ್ಸಿಲ್ ಮೇಜಿನ ಮೇಲೇ ಇದೆ, ಪಟ್ಟಿ ಪಕ್ಕ. ನಕ್ಷೆ ಮೇಲೆ ಬರೀಬೇಡ, ಅದು ಕಳಿಸಬೇಕಾದ ಪ್ರತಿ. ಬರೆಯೋದಾದ್ರೆ ಪಟ್ಟಿ ಮೇಲೆ 'ಐವತ್ತಾರು' ಅಂತ... ಅಲ್ಲಿ ಅಲ್ಲ. ಅದು ಜಂತೆ ಅಲ್ಲ ಮಾರಾಯ, ಸರಿಯಾಗಿ ನೋಡು, ಅದು ಬಾಗಿಲು. ಹಿಂದಿನ ಕೋಣೆ ಬಾಗಿಲು. ಮೂವತ್ತು ಇಂಚಿಂದು. ಅದನ್ನ ಯಾಕೆ ಹೊಡೆದು ಹಾಕ್ತೀಯ, ಅದರಲ್ಲೇನು ತಪ್ಪು...

ಕನ್ನಡಕ ಎಲ್ಲಿ. ತಡಿ. ಏನು ಬರೆದೆ?

ಮೂವತ್ತಾರು.

...

ಮೂವತ್ತರ ಬಾಗಿಲಲ್ಲಿ ಆ ಪೆಟ್ಟಿಗೆ ಒಳಗೇ ಹೋಗ್ತಿರಲಿಲ್ಲ. ಎತ್ತಿಟ್ರೂ ಹೋಗ್ತಿರಲಿಲ್ಲ, ಓರೆ ಮಾಡಿದ್ರೂ ಹೋಗ್ತಿರಲಿಲ್ಲ. ನೆಲ ಗಟ್ಟಿ ಮಾಡಿದೆ. ಕಿಟಕಿ ತಗ್ಗಿಸಿದೆ. ಗೂಟ ಹೊಡೆದೆ. ನಲವತ್ತು ವರ್ಷ ನಕ್ಷೆ ಬರೆದವಳು... ಒಳಗೆ ಬರೋಕೆ ಬಾಗಿಲು ಸಾಕಾಗುತ್ತಾ ಅಂತ ನೋಡೇ ಇಲ್ಲ.

ಕೊಡಿಲ್ಲಿ ಆ ಫೋನು. ನೀನು ಮಾತಾಡಬೇಡ, ಡಾಕ್ಟರು ಬೈತಾರೆ, ನಾನೇ ಹೇಳ್ತೀನಿ. ಅರವತ್ತೊಂದು ಅಂತ ಹೇಳ್ತೀನಿ. ಅರವತ್ತೊಂದು ಜಂತೆ, ಒಂದು ಮೂವತ್ತಾರು ಇಂಚಿನ ಬಾಗಿಲು. ಹೂಂ. ನಂಬರು ನೀನೇ ಒತ್ತು.

ಯಾಕೆ ನಗ್ತೀಯ? ಹೊಲಿಗೆ ಬಿಟ್ಟೀತು ಅಂದ್ನಲ್ಲ. ಸುಮ್ನಿರು.

ಪೆಟ್ಟಿಗೆಗೋಸ್ಕರ ದೊಡ್ಡದು ಮಾಡಿದೆ, ಗೊತ್ತಾಯ್ತು ಬಿಡು. ನಾನೊಬ್ಬಳೇ ಆಗಿದ್ರೆ ಮೂವತ್ತು ಸಾಕಾಗ್ತಿತ್ತು ಕಣೋ.